ಪ್ರತಿ ದಾಳಿಗೂ ಶೇ. 80 ಗೆಲುವಿನ ಸಾಧ್ಯತೆ ಇದ್ದರೂ ತಂಡಯುದ್ಧ ಸೋತೆವು: ಅದೃಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು ಯೋಜನೆ ಮಾಡುವುದು ಹೇಗೆ?

ಪ್ರಶ್ನೆ: ದಂಡಿನದಾರಿ

ಎಲ್ಲರಿಗೂ ನಮಸ್ಕಾರ. ಹದಿನೈದು ಜನರ ತಂಡವೊಂದಕ್ಕೆ ಯುದ್ಧದ ಯೋಜನೆ ಬರೆದುಕೊಡುವ ಹೊಣೆಯನ್ನು ನಾನು ಎರಡು ವರ್ಷಗಳಿಂದ ಹೊತ್ತಿದ್ದೇನೆ. ನಾವು ಆಡುವುದು ಅನೇಕರು ಒಟ್ಟಿಗೆ ಆಡುವ ಒಂದು ಆನ್‌ಲೈನ್ ಯುದ್ಧತಂತ್ರದ ಆಟ. ಅದರಲ್ಲಿ ದಾಳಿಗೆ ಹೊರಡುವ ಮೊದಲು ಗೆಲುವಿನ ಸಾಧ್ಯತೆ ಶೇಕಡ ಎಷ್ಟು ಎಂಬುದು ಪರದೆಯ ಮೇಲೆ ಕಾಣಿಸುತ್ತದೆ. ಸೈನ್ಯವು ಗುರಿ ಮುಟ್ಟಿದ ಕ್ಷಣದಲ್ಲಿ ಸರ್ವರ್ ಒಂದು ಯಾದೃಚ್ಛಿಕ (ಮೊದಲೇ ಊಹಿಸಲಾಗದ) ಸಂಖ್ಯೆಯನ್ನು ತೆಗೆದು ಸೋಲು ಗೆಲುವುಗಳನ್ನು ತೀರ್ಮಾನಿಸುತ್ತದೆ. ಆ ತೀರ್ಮಾನ ಹೊರಬಿದ್ದ ಮೇಲೆ ಅದನ್ನು ಬದಲಿಸುವ ದಾರಿ ಯಾವುದೂ ಇಲ್ಲ.

ಹೋದ ವಾರ ಈ ಸೀಸನ್ನಿನ ಕೊನೆಯ ತಂಡಯುದ್ಧ ನಡೆಯಿತು. ಅದಕ್ಕಾಗಿ ಮೂರು ವಾರ ಕುಳಿತು ಐದು ಹಂತಗಳ ಯೋಜನೆಯೊಂದನ್ನು ಬರೆದಿದ್ದೆ. ಮೊದಲು ಎದುರಾಳಿಯ ಕಾವಲು ಗೋಪುರವನ್ನು ಹಿಡಿಯುವುದು, ಅನಂತರ ಸೇತುವೆಯನ್ನು ವಶಪಡಿಸಿಕೊಳ್ಳುವುದು, ಸೇತುವೆ ದಾಟಿ ಎರಡು ಉಗ್ರಾಣಗಳನ್ನು ಗೆಲ್ಲುವುದು, ಕೊನೆಗೆ ಉಳಿದ ಎಲ್ಲ ಬಲವನ್ನೂ ಮುಖ್ಯ ಕೋಟೆಯ ಮೇಲೆ ಹಾಕುವುದು. ಪ್ರತಿ ಹಂತಕ್ಕೂ ಸೈನ್ಯವನ್ನು ಅಳೆದು ತೂಗಿ ಹಂಚಿ, ಎಲ್ಲೆಡೆಯೂ ಗೆಲುವಿನ ಸಾಧ್ಯತೆ ಶೇ. 80 ಬರುವಂತೆ ನೋಡಿಕೊಂಡಿದ್ದೆ. ಗೋಪುರ ನಮ್ಮದಾಯಿತು. ಸೇತುವೆಯ ದಾಳಿ ಸೋತಿತು. ಅಲ್ಲಿಂದಾಚೆಗೆ ಹತ್ತು ಜನರ ಸೈನ್ಯ ನದಿಯ ಈಚೆಯ ದಡದಲ್ಲಿಯೇ ನಿಂತು, ಯುದ್ಧದ ಅವಧಿ ಮುಗಿಯುವವರೆಗೂ ಒಂದೇ ಒಂದು ದಾಳಿಯನ್ನೂ ಮಾಡಲಾಗದೆ ಹಿಂದಿರುಗಿತು.

ಸೋಲಿಗಿಂತ ಹೆಚ್ಚು ನೋವು ಕೊಟ್ಟದ್ದು ಅದರ ನಂತರ ನಡೆದದ್ದು. ಸೇತುವೆಯ ದಾಳಿಯನ್ನು ನಡೆಸಿದವನು ನಮ್ಮ ತಂಡದಲ್ಲಿ ಎಲ್ಲರಿಗಿಂತ ಹೊಸಬ. ಅವನು ನನ್ನ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದ. ಆದರೂ ಮಾತಿನ ನಡುವೆ ಕೆಲವರು ಸೋಲನ್ನು ಅವನ ತಲೆಗೆ ಕಟ್ಟಿದರು. ಮರುದಿನ ಅವನು ಯಾರಿಗೂ ಹೇಳದೆ ತಂಡವನ್ನು ಬಿಟ್ಟುಹೋದ.

ನನ್ನನ್ನು ಕಾಡುತ್ತಿರುವ ಸಂಗತಿಗಳು ಇವು. ಎಲ್ಲ ಹಂತಗಳಲ್ಲಿಯೂ ಶೇ. 80 ಇರುವ ಯೋಜನೆಯನ್ನು ಒಳ್ಳೆಯ ಯೋಜನೆ ಎಂದು ನಾನು ನಂಬಿದ್ದು ತಪ್ಪೇ? ಕಳೆದ ಮೂರು ಯುದ್ಧಗಳಲ್ಲಿ ಶೇ. 80 ಎಂದು ತೋರಿಸಿದ 25 ದಾಳಿಗಳನ್ನು ಮಾಡಿದ್ದೇವೆ. ಗೆದ್ದದ್ದು 16 ಮಾತ್ರ. ಹಾಗಿದ್ದರೆ ಪರದೆಯ ಮೇಲಿನ ಸಂಖ್ಯೆಯೇ ಸುಳ್ಳೇ? ಫಲಿತಾಂಶ ನಮ್ಮ ಕೈಯಲ್ಲಿಲ್ಲದಿರುವಾಗ ಒಂದು ತಂಡ ತನ್ನ ಯೋಜನೆಯನ್ನು ಹೇಗೆ ಕಟ್ಟಬೇಕು? ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಎಣಿಕೆಗಾರ

ನಿಮ್ಮ ಯೋಜನೆಯನ್ನು ಓದಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ 0.8 ಅನ್ನು ಐದು ಬಾರಿ ಗುಣಿಸಿದ್ದು. ಬಂದ ಉತ್ತರ 0.328. ಅಂದರೆ ಪ್ರತಿ ಹಂತವೂ ಹಿಂದಿನ ಹಂತದ ಗೆಲುವನ್ನೇ ನಂಬಿಕೊಂಡಿದ್ದ ನಿಮ್ಮ ಯೋಜನೆ ಪೂರ್ಣವಾಗಿ ಯಶಸ್ವಿಯಾಗುವ ಸಾಧ್ಯತೆ ಮೊದಲ ದಿನದಿಂದಲೇ ಮೂರರಲ್ಲಿ ಒಂದಕ್ಕಿಂತ ಕಡಿಮೆ ಇತ್ತು. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಯೋಜನೆ ಬರೆಯುವ ಬಹುತೇಕರು ಪ್ರತಿ ಕೊಂಡಿಯ ಬಲವನ್ನು ನೋಡುತ್ತಾರೆ, ಸರಪಳಿಯ ಉದ್ದವನ್ನು ನೋಡುವುದಿಲ್ಲ. ಪ್ರತಿ ಹಂತವನ್ನು ಶೇ. 90ಕ್ಕೆ ಏರಿಸಿದ್ದರೂ ಐದು ಹಂತಗಳು ಸೇರಿ ಶೇ. 59 ಆಗುತ್ತಿತ್ತು, ಶೇ. 95ಕ್ಕೆ ಏರಿಸಿದ್ದರೆ ಶೇ. 77. ಇಷ್ಟು ಉದ್ದದ ಸರಪಳಿಯನ್ನು ಕೇವಲ ಬಲ ಹೆಚ್ಚಿಸಿ ಕಾಪಾಡುವುದು ಬಹಳ ದುಬಾರಿ.

ಈಗ ಅದೇ ಐದು ದಾಳಿಗಳನ್ನು, ಅದೇ ಶೇ. 80 ಸಾಧ್ಯತೆಯೊಂದಿಗೆ, ಬೇರೆ ರೀತಿಯಲ್ಲಿ ಜೋಡಿಸಿ ನೋಡಿ. ಐದು ಗುರಿಗಳೂ ಒಂದರ ಮೇಲೊಂದು ಅವಲಂಬಿತವಾಗಿರದೆ, ಅವುಗಳಲ್ಲಿ ಯಾವುದಾದರೂ ಮೂರನ್ನು ಗೆದ್ದರೆ ಯುದ್ಧ ನಮ್ಮದಾಗುತ್ತದೆ ಎಂದುಕೊಳ್ಳೋಣ. ಆಗ ಯಶಸ್ಸಿನ ಸಾಧ್ಯತೆ ಶೇ. 94. ಸೈನ್ಯ ಬದಲಾಗಲಿಲ್ಲ, ಎದುರಾಳಿ ಬದಲಾಗಲಿಲ್ಲ, ಅದೃಷ್ಟವೂ ಬದಲಾಗಲಿಲ್ಲ. ಜೋಡಣೆಯೊಂದು ಬದಲಾಯಿತು, ಶೇ. 33 ಇದ್ದದ್ದು ಶೇ. 94 ಆಯಿತು. ಯುದ್ಧಯೋಜನೆ ಬರೆಯುವವರ ನಿಜವಾದ ಅಧಿಕಾರ ಇರುವುದು ಈ ಜೋಡಣೆಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲ ನಕ್ಷೆಗಳೂ ಇಂತಹ ಸ್ವಾತಂತ್ರ್ಯವನ್ನು ಕೊಡುವುದಿಲ್ಲ ಎಂಬುದು ನಿಜ. ನಿಮ್ಮ ನಕ್ಷೆಯಲ್ಲಿ ನದಿ ದಾಟಲು ಸೇತುವೆ ಒಂದೇ ಇರುವಂತೆ ಕಾಣುತ್ತದೆ. ಹಾಗಿರುವಲ್ಲಿ, ಬದಲಿ ದಾರಿಯಿಲ್ಲದ ಹಂತ ಯಾವುದೆಂದು ಗುರುತಿಸಿ ಅಲ್ಲಿಗೆ ಎರಡನೆಯ ಪ್ರಯತ್ನವೊಂದನ್ನು ಮೊದಲೇ ಸಿದ್ಧವಾಗಿ ಇಟ್ಟಿರಬೇಕು. ಶೇ. 80 ಸಾಧ್ಯತೆಯ ದಾಳಿ ಎರಡು ಬಾರಿಯೂ ಸೋಲುವ ಸಾಧ್ಯತೆ ಶೇ. 4 ಮಾತ್ರ. ಶೇ. 60 ಸಾಧ್ಯತೆಯ ಸಣ್ಣ ದಾಳಿಗಳೇ ಆದರೂ ಮೂರು ಬಾರಿ ಪ್ರಯತ್ನಿಸಿದರೆ ಒಮ್ಮೆಯಾದರೂ ಗೆಲ್ಲುವ ಸಾಧ್ಯತೆ ಶೇ. 93.6 ಆಗುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಿಮ್ಮ ಆಟದಲ್ಲಿ ಒಂದು ದಾಳಿಯ ಹಣೆಬರಹವನ್ನು ಒಂದೇ ಒಂದು ಯಾದೃಚ್ಛಿಕ ಸಂಖ್ಯೆ ಬರೆಯುತ್ತದೆ. 1957ರಲ್ಲಿ ಫ್ರಾನ್ಸಿನಲ್ಲಿ ಮೊದಲು ಪ್ರಕಟವಾದ ರಿಸ್ಕ್ ಎಂಬ ಫಲಕದ ಆಟ ಹಾಗಲ್ಲ. ಅಲ್ಲಿ ದಾಳಿಕಾರ ಮೂರು ದಾಳಗಳನ್ನೂ ರಕ್ಷಕ ಎರಡು ದಾಳಗಳನ್ನೂ ಎಸೆಯುವಾಗ, ರಕ್ಷಕ ಎರಡೂ ತುಕಡಿಗಳನ್ನು ಕಳೆದುಕೊಳ್ಳುವ ಸಾಧ್ಯತೆ ಶೇ. 37.2, ದಾಳಿಕಾರ ಎರಡನ್ನೂ ಕಳೆದುಕೊಳ್ಳುವ ಸಾಧ್ಯತೆ ಶೇ. 29.3, ಇಬ್ಬರೂ ಒಂದೊಂದು ಕಳೆದುಕೊಳ್ಳುವ ಸಾಧ್ಯತೆ ಶೇ. 33.6. ಒಂದು ಎಸೆತದಲ್ಲಿ ದಾಳಿಕಾರನ ಮೇಲುಗೈ ತೀರಾ ಸಣ್ಣದು. ಆದರೆ ದೊಡ್ಡ ಕದನವೊಂದು ಇಂತಹ ಹತ್ತಾರು ಎಸೆತಗಳಲ್ಲಿ ಮುಗಿಯುವುದರಿಂದ ಅದೃಷ್ಟದ ಏರಿಳಿತಗಳು ಒಂದನ್ನೊಂದು ಸರಿದೂಗಿಸಿಕೊಂಡು, ಆ ಸಣ್ಣ ಮೇಲುಗೈಯೇ ಕೊನೆಗೆ ಉಳಿಯುತ್ತದೆ. ಒಂದೇ ಸಂಖ್ಯೆ ಎಲ್ಲವನ್ನೂ ತೀರ್ಮಾನಿಸುವ ಆಟದಲ್ಲಿ ಈ ಸರಿದೂಗಿಸುವಿಕೆ ತಾನಾಗಿ ನಡೆಯುವುದಿಲ್ಲ. ಅದನ್ನು ಯೋಜನೆ ಬರೆಯುವವರೇ ಹಲವು ದಾಳಿಗಳ ಮೂಲಕ ಒದಗಿಸಬೇಕಾಗುತ್ತದೆ.

25 ದಾಳಿಗಳಲ್ಲಿ 16 ಗೆಲುವು ಎಂಬ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ನಿರೀಕ್ಷೆ 20, ಮಾನಕ ವಿಚಲನೆ (ಫಲಿತಾಂಶ ನಿರೀಕ್ಷೆಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಸರಿಯುತ್ತದೆ ಎಂಬ ಅಳತೆ) 2. ನೀವು ನಿರೀಕ್ಷೆಗಿಂತ ಎರಡು ವಿಚಲನೆಗಳಷ್ಟು ಕೆಳಗಿದ್ದೀರಿ. ಪರದೆಯ ಮೇಲಿನ ಸಂಖ್ಯೆ ಸಂಪೂರ್ಣ ಪ್ರಾಮಾಣಿಕವಾಗಿದ್ದರೂ 16 ಅಥವಾ ಅದಕ್ಕಿಂತ ಕಡಿಮೆ ಗೆಲುವು ಬರುವ ಸಾಧ್ಯತೆ ಸುಮಾರು ಶೇ. 4.7 ಇದೆ. ಇಪ್ಪತ್ತು ತಂಡಗಳು ಇದೇ ರೀತಿ ಲೆಕ್ಕ ಇಟ್ಟರೆ ಅವುಗಳಲ್ಲಿ ಒಂದು ತಂಡಕ್ಕೆ ನಿಮ್ಮ ಅನುಭವವೇ ಆಗುತ್ತದೆ, ಮತ್ತು ಬಂದು ಪ್ರಶ್ನೆ ಕೇಳುವುದು ಆ ತಂಡವೇ. ಆದ್ದರಿಂದ ಇಷ್ಟರಿಂದಲೇ ಸಂಖ್ಯೆ ಸುಳ್ಳೆಂದು ತೀರ್ಮಾನಿಸಲಾಗದು. ಅನುಮಾನವನ್ನು ಪೂರ್ತಿ ಬಿಡಬೇಕೆಂದೂ ನಾನು ಹೇಳುವುದಿಲ್ಲ. ತಂಡದ ಎಲ್ಲರೂ ಸೋಲು ಗೆಲುವುಗಳೆರಡನ್ನೂ ತಪ್ಪದೆ ಬರೆದಿಡಲಿ. ನೆನಪಿನಿಂದ ಬರೆದ ಲೆಕ್ಕದಲ್ಲಿ ಸೋಲುಗಳೇ ಹೆಚ್ಚಾಗಿ ಉಳಿಯುತ್ತವೆ. 400 ದಾಳಿಗಳಾದಾಗ ನಿರೀಕ್ಷೆ 320, ವಿಚಲನೆ 8. ಆಗಲೂ 300ರ ಕೆಳಗೆ ಇದ್ದರೆ ಅನುಮಾನಕ್ಕೆ ಗಟ್ಟಿಯಾದ ಆಧಾರ ಸಿಕ್ಕಂತೆ.

ಉತ್ತರ: ಇರುಳುದಾಳಿ

ಎಣಿಕೆಗಾರ ಅವರ ಮಾತಿಗೆ ನಾನು ವರ್ಷಗಟ್ಟಲೆ ಆಡಿದ ಆಟವೊಂದರ ಉದಾಹರಣೆಯನ್ನು ಸೇರಿಸುತ್ತೇನೆ. 2003ರಲ್ಲಿ ಜರ್ಮನಿಯಲ್ಲಿ ಆರಂಭವಾದ, ಬ್ರೌಸರಿನಲ್ಲಿಯೇ ಆಡುವ ಟ್ರೈಬಲ್ ವಾರ್ಸ್ ಆಟದ ರೂಢಿಯ ನಿಯಮದಲ್ಲಿ ದಾಳಿಯ ಬಲಕ್ಕೆ ಶೇ. 25ರಷ್ಟು ಇಳಿಕೆಯಿಂದ ಶೇ. 25ರಷ್ಟು ಏರಿಕೆಯವರೆಗೆ ಅದೃಷ್ಟ ಸೇರಿಕೊಳ್ಳುತ್ತದೆ. ಅಲ್ಲಿ ಗೆಲುವನ್ನು ಅದೃಷ್ಟದಿಂದ ಬಿಡಿಸಿಕೊಳ್ಳುವುದು ಸುಲಭ. ರಕ್ಷಣೆಯ ಬಲ ನಿಖರವಾಗಿ ಗೊತ್ತಿದ್ದರೆ, ಅಷ್ಟು ಬಲದ ಮೇಲೆ ಅದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಸೇರಿಸಿ ಕಳಿಸಿದರಾಯಿತು. ಅತಿ ಕೆಟ್ಟ ಅದೃಷ್ಟದಲ್ಲಿಯೂ ಗೆಲುವು ನಿಮ್ಮದೇ. ಆದರೆ ಗೆಲುವಿಗೆ ತೆರುವ ಬೆಲೆಯನ್ನು ಅದೃಷ್ಟದಿಂದ ಬಿಡಿಸಲಾಗುವುದಿಲ್ಲ. ಆ ಆಟದಲ್ಲಿ ಸೋತವರ ಬಲವನ್ನು ಗೆದ್ದವರ ಬಲದಿಂದ ಭಾಗಿಸಿ, ಆ ಅನುಪಾತವನ್ನು ಒಂದೂವರೆ ಘಾತಕ್ಕೆ ಏರಿಸಿದರೆ ಗೆದ್ದವರ ನಷ್ಟದ ಪಾಲು ಸಿಗುತ್ತದೆ. ಎರಡು ಪಟ್ಟು ಬಲದೊಂದಿಗೆ ಹೋದರೆ, ಅದೃಷ್ಟ ಶೂನ್ಯವಿದ್ದಾಗ ನಿಮ್ಮ ಸೈನ್ಯದ ಶೇ. 35 ನಾಶವಾಗುತ್ತದೆ, ಅದೃಷ್ಟ ಪೂರ್ತಿ ಒಲಿದರೆ ಶೇ. 25, ಪೂರ್ತಿ ಮುನಿದರೆ ಶೇ. 54. ಮೂರೂ ಸಂದರ್ಭಗಳಲ್ಲಿ ವರದಿಯಲ್ಲಿ ಗೆಲುವು ಎಂದೇ ಬರುತ್ತದೆ. ಆದರೆ ಮುಂದಿನ ಹಂತಕ್ಕೆ ಉಳಿಯುವ ಸೈನ್ಯ ಒಂದರಲ್ಲಿ ಮುಕ್ಕಾಲು ಭಾಗ, ಇನ್ನೊಂದರಲ್ಲಿ ಅರ್ಧಕ್ಕೂ ಕಡಿಮೆ. ನಿಮ್ಮ ಆಟದಲ್ಲಿಯೂ ಮೊದಲ ಹಂತದ ಸೈನ್ಯವನ್ನೇ ಮುಂದಿನ ಹಂತಕ್ಕೆ ನಂಬಿಕೊಂಡಿದ್ದರೆ, ಪರದೆಯ ಮೇಲಿನ ಶೇ. 80 ಯುದ್ಧ ಆರಂಭವಾಗುವ ಮೊದಲಿನ ಲೆಕ್ಕವೇ ಹೊರತು ನಷ್ಟದ ನಂತರದ ಲೆಕ್ಕವಲ್ಲ.

ಇದೇ ಆಟದಲ್ಲಿ ಊರೊಂದನ್ನು ವಶಪಡಿಸಿಕೊಳ್ಳುವ ಕ್ರಮ ನಿಮ್ಮ ಸೇತುವೆಯ ಸಮಸ್ಯೆಗೆ ಬಹಳ ಹತ್ತಿರವಾದದ್ದು. ಊರಿನ ನಿಷ್ಠೆ 100ರಿಂದ ಆರಂಭವಾಗುತ್ತದೆ; ನೋಬಲ್‌ಮನ್ ಎಂಬ ದುಬಾರಿ ಘಟಕ ಇರುವ ದಾಳಿಯೊಂದು ಗೆದ್ದಾಗಲೆಲ್ಲ ಅದು 20ರಿಂದ 35ರವರೆಗೆ ಕುಸಿಯುತ್ತದೆ; ಶೂನ್ಯಕ್ಕೆ ಇಳಿದಾಗ ಊರು ಕೈಗೆ ಬರುತ್ತದೆ. ಸರಾಸರಿ ಕುಸಿತ 27.5 ಆದ್ದರಿಂದ ನಾಲ್ಕು ದಾಳಿಗಳು ಸಾಕೆಂದು ಹೊಸಬರು ಲೆಕ್ಕ ಹಾಕುತ್ತಾರೆ. 20ರಿಂದ 35ರವರೆಗಿನ ಆ ಹದಿನಾರು ಸಂಖ್ಯೆಗಳೂ ಸಮಾನ ಸಾಧ್ಯತೆಯವು ಎಂದು ಇಟ್ಟುಕೊಂಡು ಎಣಿಸಿದರೆ, ನಾಲ್ಕು ದಾಳಿಗಳಲ್ಲಿ ಊರು ಬೀಳುವ ಸಾಧ್ಯತೆ ಸುಮಾರು ಶೇ. 87. ಐದನೆಯದನ್ನು ಸೇರಿಸಿದರೆ ಐದು ಇಪ್ಪತ್ತು ನೂರು. ಅದೃಷ್ಟಕ್ಕೆ ಜಾಗವೇ ಉಳಿಯುವುದಿಲ್ಲ. ನಾಲ್ಕೇ ಕಳಿಸಿ, ನಿಷ್ಠೆ ಮೂರೋ ನಾಲ್ಕೋ ಉಳಿದುಹೋದ ರಾತ್ರಿಯೊಂದು ನನಗೆ ಇಂದಿಗೂ ನೆನಪಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎದುರಾಳಿ ಬೆಳಗಾಗುವುದರೊಳಗೆ ಆ ಊರಿಗೆ ಬೆಂಬಲದ ಸೈನ್ಯ ತುಂಬಿಸಿದ್ದರು. ಅಂದಿನಿಂದ ನಮ್ಮ ಬಳಗದಲ್ಲಿ, ಹತ್ತಿರದಲ್ಲಿರುವ ಇನ್ನೊಬ್ಬ ಆಟಗಾರ ಐದನೆಯ ನೋಬಲ್‌ಮನ್ನನ್ನು ಸಿದ್ಧವಾಗಿ ಇಟ್ಟುಕೊಂಡು ಕಾಯುವುದು ಕಡ್ಡಾಯವಾಯಿತು. ಹೆಚ್ಚಿನ ಸಲ ಅವನು ಸುಮ್ಮನೆ ಕಾದು ಮಲಗಲು ಹೋಗುತ್ತಿದ್ದ. ಆ ಕಾಯುವಿಕೆಯನ್ನು ಯಾರೂ ವ್ಯರ್ಥವೆಂದು ಕರೆಯಲಿಲ್ಲ.

ಉತ್ತರ: ಬಿಳಿಕುದುರೆ

ಮೇಲಿನ ಇಬ್ಬರ ಲೆಕ್ಕಗಳನ್ನೂ ಒಪ್ಪುತ್ತೇನೆ, ಆದರೆ ಮೂಲಭೂತವಾದ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. ಹದಿನೈದು ಜನರು ವಾರಗಟ್ಟಲೆ ಸಮಯ ಕೊಟ್ಟು ರೂಪಿಸುವ ತಂಡಯುದ್ಧದಲ್ಲಿ ಒಂದು ಸಂಖ್ಯೆ ಇಡೀ ಫಲಿತಾಂಶವನ್ನು ತಿರುಗಿಸುವಂತಿರುವುದು ಆಟದ ವಿನ್ಯಾಸದ ದೋಷ ಎಂದೇ ನಾನು ಭಾವಿಸುತ್ತೇನೆ. 1959ರಲ್ಲಿ ಮಾರುಕಟ್ಟೆಗೆ ಬಂದ, ಆಲನ್ ಕ್ಯಾಲ್ಹಾಮರ್ ಅವರ ಡಿಪ್ಲೊಮಸಿ ಆಟವನ್ನು ನೋಡಿ. ಏಳು ದೇಶಗಳು, 34 ಸರಬರಾಜು ಕೇಂದ್ರಗಳು, 18 ಹಿಡಿದವರಿಗೆ ಗೆಲುವು. ಇಡೀ ಕದನದಲ್ಲಿ ಒಂದೇ ಒಂದು ದಾಳವಿಲ್ಲ. ಒಂದು ಪಡೆಗೆ ಇನ್ನೊಂದು ಪಡೆಯ ಬೆಂಬಲ ಸೇರಿದರೆ ಬಲ ಎರಡು, ಬೆಂಬಲವಿಲ್ಲದ ಎದುರಾಳಿಯ ಬಲ ಒಂದು, ಎರಡು ಗೆಲ್ಲುತ್ತದೆ. ಸಮಬಲವಾದರೆ ಇಬ್ಬರೂ ಇದ್ದಲ್ಲಿಯೇ ಉಳಿಯುತ್ತಾರೆ. ಎಲ್ಲರೂ ಗುಟ್ಟಾಗಿ ಬರೆದ ಆಜ್ಞೆಗಳು ಒಂದೇ ಸಲ ತೆರೆದುಕೊಳ್ಳುವುದರಿಂದ ಅನಿಶ್ಚಿತತೆಗೆ ಅಲ್ಲಿ ಕೊರತೆಯಿಲ್ಲ. ಆದರೆ ಆ ಅನಿಶ್ಚಿತತೆ ಎದುರಿನ ಮನುಷ್ಯನ ಮನಸ್ಸಿನಿಂದ ಬರುತ್ತದೆ, ಆ ಮನಸ್ಸನ್ನು ಓದಲು ಕಲಿಯಬಹುದು. ಸರ್ವರಿನ ಸಂಖ್ಯೆಯನ್ನು ಓದಲು ಯಾರೂ ಕಲಿಯಲಾರರು.

ಒಂದು ಮಾತನ್ನು ಮಾತ್ರ ನ್ಯಾಯಕ್ಕಾಗಿ ಸೇರಿಸುತ್ತೇನೆ. ದಾಳವಿಲ್ಲದ ಆಟಗಳಿಗೆ ಹೋದರೆ ತಂಡದೊಳಗಿನ ದೂಷಣೆ ನಿಲ್ಲುತ್ತದೆ ಎಂದು ನಾನು ಒಮ್ಮೆ ನಂಬಿದ್ದೆ, ಹಾಗಾಗಲಿಲ್ಲ. ಕ್ಲಾಷ್ ಆಫ್ ಕ್ಲಾನ್ಸ್ ಆಟದ ಸಾಮಾನ್ಯ ಕ್ಲ್ಯಾನ್ ವಾರ್‌ನಲ್ಲಿ (ಬಳಗಗಳ ನಡುವಿನ ಯುದ್ಧದಲ್ಲಿ) ಸುಮಾರು ಒಂದು ದಿನದ ಸಿದ್ಧತೆ, ಒಂದು ದಿನದ ಕದನ, ಒಬ್ಬೊಬ್ಬರಿಗೆ ಎರಡು ದಾಳಿಗಳು. ಅಲ್ಲಿ ಯಾರೂ ಶೇಕಡಾವಾರು ಸಾಧ್ಯತೆಯ ಮೇಲೆ ಸೋಲುವುದಿಲ್ಲ. ಸೈನಿಕರನ್ನು ಇಳಿಸುವ ಜಾಗ ಮತ್ತು ಹೊತ್ತು ತಪ್ಪಿದರೆ ಸೋಲುತ್ತಾರೆ. ಆಗ ದೂಷಣೆ ಇನ್ನೂ ಕಟುವಾಗುತ್ತದೆ, ಏಕೆಂದರೆ ಅದೃಷ್ಟ ಕೈಕೊಟ್ಟಿತು ಎಂದು ಹೇಳಿ ಸಮಾಧಾನಪಡಿಸುವ ಅವಕಾಶವೂ ಇರುವುದಿಲ್ಲ.

ಉತ್ತರ: ಹಳೆನಕ್ಷೆ

ಬಿಳಿಕುದುರೆ ಅವರ ಅಭಿಪ್ರಾಯವನ್ನು ಗೌರವಿಸುತ್ತಲೇ, ದಾಳ ಈ ಬಗೆಯ ಆಟಗಳೊಳಗೆ ಬಂದ ಬಗೆಯನ್ನು ನೆನಪಿಸಲು ಬಯಸುತ್ತೇನೆ. ಪ್ರಷ್ಯಾದ ಸೇನಾಧಿಕಾರಿಯಾಗಿದ್ದ ಕಿರಿಯ ರೈಸ್‌ವಿಟ್ಜ್, ತಮ್ಮ ತಂದೆಯ ಆಟವನ್ನು ಬೆಳೆಸಿ, 1824ರಲ್ಲಿ ಕ್ರೀಗ್‌ಷ್ಪೀಲ್ ಎಂಬ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ಅದು ಅಧಿಕಾರಿಗಳ ತರಬೇತಿಗಾಗಿ ಬಳಕೆಯಾದ ಆಟ. ಆಟಗಾರರು ತಂಡಗಳಾಗಿ ಆಡುತ್ತಿದ್ದರು, ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಕೊಡುತ್ತಿದ್ದರು. ಮಧ್ಯಸ್ಥ ದಾಳ ಎಸೆದು, ಕೋಷ್ಟಕ ನೋಡಿ, ಕದನದ ನಷ್ಟವನ್ನು ಹೇಳುತ್ತಿದ್ದ. ಎದುರಾಳಿಯ ಪಡೆಗಳಲ್ಲಿ ತಮಗೆ ಕಾಣುವಷ್ಟನ್ನು ಮಾತ್ರ ತಿಳಿಯುವ ಅವಕಾಶ ಆಟಗಾರರಿಗಿತ್ತು. ಅಂದರೆ ಇಂದು ನಾವು ಸರ್ವರಿನಿಂದ ಮಾಡಿಸುತ್ತಿರುವ ಕೆಲಸವನ್ನು ಸುಮಾರು ಇನ್ನೂರು ವರ್ಷಗಳ ಹಿಂದೆ ಒಬ್ಬ ಮನುಷ್ಯ ಮಾಡುತ್ತಿದ್ದ. ಬಿಳಿಕುದುರೆ ಅವರ ಆಕ್ಷೇಪವೂ ಅಷ್ಟೇ ಹಳೆಯದು ಎನ್ನಬಹುದು: 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಪ್ರಷ್ಯದ ಅಧಿಕಾರಿ, ದಾಳ ಮತ್ತು ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ಮಧ್ಯಸ್ಥನ ವಿವೇಚನೆಗೇ ತೀರ್ಮಾನವನ್ನು ಬಿಡುವ ಪದ್ಧತಿಯನ್ನು ಮುಂದಿಟ್ಟರು. ನನಗೆ ದಾಳವೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಮಧ್ಯಸ್ಥನ ಒಲವನ್ನು ನಾವು ಅಳೆಯಲಾರೆವು. ದಾಳದ ಏರಿಳಿತವನ್ನು ಅಳೆಯಬಹುದು, ಅದಕ್ಕೆ ತಕ್ಕಂತೆ ಯೋಜನೆಯನ್ನೂ ಬರೆಯಬಹುದು.

ದಂಡಿನದಾರಿ ಅವರ ಎರಡನೆಯ ಪ್ರಶ್ನೆಗೆ ಸಂಬಂಧಿಸಿದಂತೆ ಹೇಳಬೇಕಾದ ಮುಖ್ಯ ಮಾತೆಂದರೆ, ಪರದೆಯ ಮೇಲೆ ಒಂದೇ ಸಂಖ್ಯೆ ಕಂಡರೂ ಅದರ ಹಿಂದಿನ ಕ್ರಮ ಎಲ್ಲ ಆಟಗಳಲ್ಲಿಯೂ ಒಂದೇ ಅಲ್ಲ. ಫೈರ್ ಎಂಬ್ಲಮ್ ಎಂಬ ಯುದ್ಧತಂತ್ರದ ಆಟಗಳ ಸರಣಿಯಲ್ಲಿ 2002ರ ಆಟದಿಂದ ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿಯನ್ನು ಬಳಸುವ ಕ್ರಮ ಬಂದಿತು, ಅದರಲ್ಲಿ ಶೇ. 90 ಎಂದು ತೋರಿಸಿದ ಏಟು ವಾಸ್ತವವಾಗಿ ಶೇ. 98.1 ಬಾರಿ ತಗಲುತ್ತದೆ, ಶೇ. 75 ಎಂದದ್ದು ಶೇ. 87.75 ಬಾರಿ. ಡೋಟಾ 2 ಆಟದ ಹಲವು ಸಾಮರ್ಥ್ಯಗಳಲ್ಲಿ, ಏಟು ವಿಫಲವಾದಷ್ಟೂ ಮುಂದಿನ ಬಾರಿಯ ಸಾಧ್ಯತೆ ಹೆಚ್ಚುತ್ತ ಹೋಗುತ್ತದೆ, ಶೇ. 25 ಎಂದು ಬರೆದಿರುವುದು ಮೊದಲ ಪ್ರಯತ್ನದಲ್ಲಿ ಸುಮಾರು ಶೇ. 8.5 ಮಾತ್ರ. ಇಂತಹ ಆಟಗಳನ್ನು ಆಡಿ ಬಂದವರಿಗೆ ಪ್ರಾಮಾಣಿಕವಾದ ಶೇ. 80 ಮೋಸದಂತೆ ಕಾಣುವುದು ಸಹಜ. ಸಿವಿಲೈಸೇಶನ್ ಆಟವನ್ನು ರೂಪಿಸಿದ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ತಮ್ಮ ಭಾಷಣದಲ್ಲಿ ಇದೇ ಸಂಗತಿಯನ್ನು ವಿವರಿಸಿದ್ದಾರೆ: ಮೂರಕ್ಕೆ ಒಂದರ ಮೇಲುಗೈ ಇರುವಾಗ ಸೋತರೆ ಆಟಗಾರರು ಅದನ್ನು ಅನ್ಯಾಯವೆನ್ನುತ್ತಾರೆ, ಒಂದಕ್ಕೆ ಮೂರರ ಕೀಳುಗೈಯಲ್ಲಿ ಗೆದ್ದರೆ ಮಾತ್ರ ಅದನ್ನು ಪ್ರಶ್ನಿಸುವುದಿಲ್ಲ.

ಬ್ಯಾಟಲ್ ಫಾರ್ ವೆಸ್ನಾತ್ ಎಂಬ ಮುಕ್ತ ತಂತ್ರಾಂಶದ ಆಟ ಈ ವಿಷಯದಲ್ಲಿ ನನಗೆ ಬಹಳ ಪ್ರಿಯವಾದದ್ದು. ಅಲ್ಲಿ ಮಾಂತ್ರಿಕ ದಾಳಿಯ ಪ್ರತಿ ಏಟಿಗೂ ತಗಲುವ ಸಾಧ್ಯತೆ ಶೇ. 70 ಎಂದು ನಿಗದಿಯಾಗಿದೆ. ಮೂರು ಏಟುಗಳ ದಾಳಿಯಲ್ಲಿ ಮೂರೂ ತಗಲುವುದು ಶೇ. 34.3, ಒಂದೂ ತಗಲದಿರುವುದು ಶೇ. 2.7. ದಾಳಿಗೆ ಮೊದಲೇ ಆಟವು ಒಂದು ಸರಾಸರಿಯನ್ನಲ್ಲ, ಸಾಧ್ಯವಿರುವ ಫಲಿತಾಂಶಗಳ ಇಡೀ ಹರವನ್ನು ತೋರಿಸುತ್ತದೆ. ಆಟದ ನಡುವೆ, ನಿರೀಕ್ಷಿತ ಹಾನಿಗೂ ನಿಜವಾಗಿ ಆದ ಹಾನಿಗೂ ಇರುವ ವ್ಯತ್ಯಾಸವನ್ನೂ ಅಂಕಿಅಂಶದ ಪುಟದಲ್ಲಿ ಕಾಣಬಹುದು. ನಿಮ್ಮ ಆಟದಲ್ಲಿ ಇಂತಹ ಪುಟ ಇಲ್ಲದಿದ್ದರೆ, ಅದನ್ನು ಕೈಯಾರೆ ಬರೆದುಕೊಳ್ಳಿ.

ಇನ್ನು ತಂಡ ಬಿಟ್ಟುಹೋದ ಆ ಹೊಸಬನ ವಿಷಯ. ಇದನ್ನು ಸೌಮ್ಯವಾಗಿಯೇ ಹೇಳುತ್ತೇನೆ, ಆದರೆ ಹೇಳದೆ ಬಿಡಲಾರೆ. ಸೇತುವೆಗೆ ಒಂದೇ ಸೈನ್ಯ ಸಾಕೆಂದು ಬರೆದ ಕೈ ಅವನದಲ್ಲ, ನಿಮ್ಮದು. ಐದರಲ್ಲಿ ಸರಾಸರಿ ಒಂದು ಬಾರಿ ಸೋಲು ಬರುತ್ತದೆ ಎಂದು ಪರದೆಯೇ ಹೇಳುತ್ತಿದ್ದ ಹಂತದಲ್ಲಿ, ಸೋತರೆ ಏನು ಮಾಡಬೇಕೆಂಬ ಒಂದು ಸಾಲೂ ಯೋಜನೆಯಲ್ಲಿ ಇರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಆ ಸಾಲನ್ನು ಎಲ್ಲರೂ ಹುಡುಕಿದ್ದು ಸೋತ ನಂತರ. ಆಟಗಾರನೊಬ್ಬನನ್ನು ಅವನ ಕೈಯಲ್ಲಿದ್ದ ಸಂಗತಿಗಳಿಂದ ಅಳೆಯಬೇಕು: ಹೇಳಿದ ಹೊತ್ತಿಗೆ ಹೊರಟನೇ, ಹೇಳಿದಷ್ಟು ಸೈನ್ಯ ಒಯ್ದನೇ, ಎದುರಾಳಿಯ ಬಲ ಬದಲಾದದ್ದನ್ನು ಕಂಡಿದ್ದರೆ ತಿಳಿಸಿದನೇ? ನೀವೇ ಬರೆದಿರುವಂತೆ ಅವನು ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದಾನೆ. ಅದನ್ನು ಇಡೀ ತಂಡದ ಎದುರಿಗೆ, ನಿಮ್ಮ ಹೆಸರಿನಲ್ಲಿ, ಬರೆದು ಹೇಳಿ. ಅವನಿಗೂ ನೇರವಾಗಿ ಬರೆಯಿರಿ. ನಾನು ಒಮ್ಮೆ ಇಂತಹದೇ ಸಂದರ್ಭದಲ್ಲಿ ಒಂದು ತಿಂಗಳು ತಡಮಾಡಿದೆ. ಆ ಗೆಳೆಯ ಮತ್ತೆ ಬರಲಿಲ್ಲ.

ಮರುಪ್ರಶ್ನೆ: ದಂಡಿನದಾರಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಶೇ. 33 ಎಂಬ ಸಂಖ್ಯೆಯನ್ನು ಓದಿದಾಗ ಬಹಳ ಹೊತ್ತು ಏನೂ ತೋಚಲಿಲ್ಲ. ಮೂರು ವಾರಗಳಲ್ಲಿ ಒಮ್ಮೆಯೂ ಆ ಐದು ಸಂಖ್ಯೆಗಳನ್ನು ಗುಣಿಸಿ ನೋಡಿರಲಿಲ್ಲ ಎಂಬುದು ನಿಜ. ಹಳೆನಕ್ಷೆ ಅವರು ಹೇಳಿದಂತೆ ನಿನ್ನೆ ರಾತ್ರಿ ತಂಡದ ಎದುರಿಗೆ ಎಲ್ಲವನ್ನೂ ಬರೆದೆ, ಆ ಗೆಳೆಯನಿಗೂ ಪ್ರತ್ಯೇಕವಾಗಿ ಬರೆದಿದ್ದೇನೆ. ಅವನಿಂದ ಉತ್ತರ ಇನ್ನೂ ಬಂದಿಲ್ಲ.

ಮುಂದಿನ ಸೀಸನ್ನಿನ ಮೊದಲ ಯುದ್ಧಕ್ಕೆ ಇದೇ ನಕ್ಷೆ ಬಂದಿದೆ. ನದಿಗೆ ಸೇತುವೆ ಒಂದೇ. ಎರಡು ಉಗ್ರಾಣಗಳಲ್ಲಿ ಒಂದನ್ನು ಗೆದ್ದರೂ ಕೋಟೆಯ ಮೇಲೆ ದಾಳಿ ಮಾಡಲು ನಿಯಮ ಅವಕಾಶ ಕೊಡುತ್ತದೆ ಎಂಬುದನ್ನು ಈಗ ಗಮನಿಸಿದೆ. ಎರಡನ್ನೂ ಗೆಲ್ಲಲೇಬೇಕೆಂದು ನಾನೇ ಅಂದುಕೊಂಡಿದ್ದೆ. ನನ್ನ ತೊಡಕು ಇದು: ಸೇತುವೆಗೆ ಎರಡನೆಯ ಸೈನ್ಯವನ್ನು ಕೊಡಬೇಕಾದರೆ ಅದನ್ನು ಕೋಟೆಯ ದಾಳಿಯಿಂದಲೇ ತೆಗೆಯಬೇಕು. ಹಾಗೆ ತೆಗೆದರೆ ಕೋಟೆಯಲ್ಲಿ ಗೆಲ್ಲುವ ಸಾಧ್ಯತೆ ಶೇ. 80ರಿಂದ ಶೇ. 65ಕ್ಕೆ ಇಳಿಯುತ್ತದೆ. ಇದು ಲಾಭವೇ, ನಷ್ಟವೇ?

ಉತ್ತರ: ಎಣಿಕೆಗಾರ

ಒಳ್ಳೆಯ ಪ್ರಶ್ನೆ. ಇದರ ಉತ್ತರ ನೀವು ಆ ಎರಡನೆಯ ಸೈನ್ಯವನ್ನು ಯಾವಾಗ ಹೊರಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೊದಲು ಸೇತುವೆ ಮತ್ತು ಕೋಟೆ ಎರಡನ್ನೇ ತೆಗೆದುಕೊಳ್ಳೋಣ. ಹಳೆಯ ಕ್ರಮದಲ್ಲಿ ಎರಡೂ ಕೈಗೆ ಬರುವ ಸಾಧ್ಯತೆ 0.8 ಗುಣಿಸು 0.8, ಅಂದರೆ ಶೇ. 64. ಎರಡು ಸೈನ್ಯಗಳನ್ನೂ ಒಟ್ಟಿಗೆ ಸೇತುವೆಗೆ ಕಳಿಸಿ, ಎರಡನೆಯದು ಏನೇ ಆದರೂ ಅಲ್ಲಿಯೇ ಖರ್ಚಾಗುತ್ತದೆ ಎಂದುಕೊಂಡರೆ, ಸೇತುವೆ ಶೇ. 96ಕ್ಕೆ ಏರುತ್ತದೆ, ಕೋಟೆ ಶೇ. 65ಕ್ಕೆ ಇಳಿಯುತ್ತದೆ, ಎರಡೂ ಸೇರಿ ಶೇ. 62.4. ಅಂದರೆ ಮೊದಲಿಗಿಂತ ತುಸು ನಷ್ಟವೇ. ಕೋಟೆಯ ಸಾಧ್ಯತೆ ಮೂರರಲ್ಲಿ ಎರಡಕ್ಕಿಂತ ಮೇಲಿದ್ದರೆ ಮಾತ್ರ ಈ ಕ್ರಮದಲ್ಲಿ ಲಾಭವಿದೆ.

ಆದರೆ ಎರಡನೆಯ ಸೈನ್ಯವನ್ನು ಸೇತುವೆಯ ಈಚೆ ನಿಲ್ಲಿಸಿ, ಮೊದಲ ದಾಳಿಯ ಫಲಿತಾಂಶ ಬಂದ ಮೇಲೆಯೇ ಅದರ ದಾರಿಯನ್ನು ತೀರ್ಮಾನಿಸಿದರೆ ಲೆಕ್ಕ ಬದಲಾಗುತ್ತದೆ. ಮೊದಲ ದಾಳಿ ಗೆದ್ದರೆ, ಅದಕ್ಕೆ ಶೇ. 80 ಸಾಧ್ಯತೆ, ಮೀಸಲು ಸೈನ್ಯ ಹಾಗೆಯೇ ಉಳಿದು ಕೋಟೆಯ ದಾಳಿಗೆ ಸೇರುತ್ತದೆ, ಕೋಟೆ ಶೇ. 80ರಲ್ಲಿಯೇ ಇರುತ್ತದೆ. ಮೊದಲನೆಯದು ಸೋತು ಎರಡನೆಯದು ಗೆದ್ದರೆ, ಅದಕ್ಕೆ ಶೇ. 16, ಕೋಟೆ ಶೇ. 65ಕ್ಕೆ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ 0.64 ಮತ್ತು 0.104, ಒಟ್ಟು ಶೇ. 74.4. ಇದಕ್ಕೆ ಹೆಚ್ಚಿನ ಒಬ್ಬ ಸೈನಿಕನೂ ಬೇಕಾಗಿಲ್ಲ. ಕೋಟೆಗೆ ಹೋಗುವ ದಾರಿ ಹೇಗಿದ್ದರೂ ಆ ಸೇತುವೆಯ ಮೇಲೆಯೇ ಇರುವುದರಿಂದ, ಮೀಸಲು ಸೈನ್ಯಕ್ಕೆ ಸುತ್ತು ದಾರಿಯೂ ಇಲ್ಲ.

ಉಗ್ರಾಣಗಳಲ್ಲಿ ಒಂದು ಸಾಕೆಂಬ ನಿಯಮ ಇನ್ನೂ ದೊಡ್ಡ ವರ. ಎರಡರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ. 96. ಗೋಪುರದ 0.8, ಉಗ್ರಾಣದ 0.96, ಸೇತುವೆ ಕೋಟೆಗಳ 0.744, ಮೂರನ್ನೂ ಗುಣಿಸಿದರೆ ಶೇ. 57. ಹೋದ ವಾರ ನೀವು ಹೊರಟದ್ದು ಶೇ. 33ರೊಂದಿಗೆ.

ಎರಡು ಸಂಗತಿಗಳನ್ನು ಮಾತ್ರ ಪರೀಕ್ಷಿಸಿಕೊಳ್ಳಿ. ಮೊದಲ ದಾಳಿಯ ನಂತರ ಸೇತುವೆಯ ರಕ್ಷಣೆಗೆ ಎದುರಾಳಿ ಹೊಸ ಸೈನ್ಯ ತುಂಬಿಸಿದರೆ ಎರಡನೆಯ ದಾಳಿಯ ಶೇ. 80 ಉಳಿಯುವುದಿಲ್ಲ, ಆದ್ದರಿಂದ ಮೀಸಲು ಸೈನ್ಯ ಸೇತುವೆಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಇನ್ನು, ಫಲಿತಾಂಶಕ್ಕಾಗಿ ಕಾಯುವ ಹೊತ್ತನ್ನೂ ಸೇರಿಸಿ ಕೋಟೆಯ ದಾಳಿ ಅವಧಿಯೊಳಗೆ ಮುಗಿಯುತ್ತದೆಯೇ ಎಂದು ಕೊನೆಯಿಂದ ಹಿಂದಕ್ಕೆ ಎಣಿಸಿ. ಯುದ್ಧ ಮುಗಿಯುವ ಗಳಿಗೆಯಿಂದ ಕೋಟೆಯ ಪಯಣ, ಉಗ್ರಾಣದ ಪಯಣ, ಸೇತುವೆಯ ಎರಡನೆಯ ಮತ್ತು ಮೊದಲ ದಾಳಿಗಳ ಪಯಣ, ಗೋಪುರದ ಪಯಣಗಳನ್ನು ಕಳೆದರೆ, ಗೋಪುರದ ದಾಳಿ ಎಷ್ಟು ಹೊತ್ತಿಗೆ ಹೊರಡಬೇಕೆಂಬುದು ಸಿಗುತ್ತದೆ. ಆ ಹೊತ್ತು ಯುದ್ಧ ಆರಂಭವಾಗುವುದಕ್ಕಿಂತ ಮೊದಲೇ ಬಂದರೆ, ಮೀಸಲು ಸೈನ್ಯಕ್ಕೆ ವೇಗದ ಘಟಕಗಳನ್ನೇ ಆರಿಸಬೇಕಾಗುತ್ತದೆ. ನಿಮ್ಮ ಘಟಕಗಳ ವೇಗವನ್ನೂ ನಕ್ಷೆಯ ದೂರಗಳನ್ನೂ ಇಲ್ಲಿ ಹಾಕಿದರೆ ಆ ಲೆಕ್ಕವನ್ನೂ ಒಟ್ಟಿಗೆ ಕುಳಿತು ಮಾಡೋಣ.